ನಾಲಿಗೆಗೆ ಎಟುಕಬಾರದ ದೂರ

ನಾನು ಇಲಿಗಳಿಗೆ ಡಬ್ಬಿ ಮಾಡುವವನು. ಹೀಗೆಂದ ಕೂಡಲೇ ಜನ ಬೋನು ಎಂದುಕೊಂಡು, ನಮ್ಮ ಮನೆಗೂ ಒಂದು ಬೇಕಿತ್ತು ನೋಡಿ ಎನ್ನುತ್ತಾರೆ. ಅಂಥವರಿಗೆ ಬಿಡಿಸಿ ಹೇಳುವ ತಾಳ್ಮೆ ನನಗೆ ಮೊದಲಿಂದಲೂ ಇಲ್ಲ. ಬೋನನ್ನು ಯಾರು ಬೇಕಾದರೂ ಮಾಡುತ್ತಾರೆ. ನಾನು ಮಾಡುವುದು ಇಲಿಯ ಕೈ ಎಷ್ಟು ಚುರುಕಾಗಿದೆ ಎಂದು ಪರೀಕ್ಷಿಸುವ ಸಾಧನ.

ಮಿದುಳಿನ ಕಾಯಿಲೆಗಳ ಬಗ್ಗೆ ಸಂಶೋಧನೆ ನಡೆಯುವ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ನನ್ನ ವರ್ಕ್‌ಶಾಪು. ಒಂದು ಲೇತು, ಒಂದು ಡ್ರಿಲ್ಲು, ಗಾಜಿನಂಥ ಅಕ್ರಿಲಿಕ್ ಹಾಳೆ ಕತ್ತರಿಸುವ ಗರಗಸ, ಇಪ್ಪತ್ತೆಂಟು ವರ್ಷದ ಧೂಳು. ಡಬ್ಬಿ ಎಂದರೆ ಮೊಳದುದ್ದದ ಪಾರದರ್ಶಕ ಪೆಟ್ಟಿಗೆ. ಅದರ ಮುಂದಿನ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಬೆರಳಗಲದ ಒಂದು ಸೀಳು. ಸೀಳಿನ ಹೊರಗೆ ಪುಟ್ಟ ಹಲಗೆ, ಹಲಗೆಯಲ್ಲಿ ಒಂದು ಕುಳಿ, ಕುಳಿಯಲ್ಲಿ ಮೆಣಸಿನ ಕಾಳಿನಷ್ಟು ದಪ್ಪದ ಸಕ್ಕರೆ ಗುಳಿಗೆ. ಇಲಿ ಸೀಳಿನಿಂದ ಕೈ ಚಾಚುತ್ತದೆ, ಅಂಗೈ ಕೆಳಗೆ ಮಾಡಿ ಬೆರಳು ಬಿಡಿಸುತ್ತದೆ, ಗುಳಿಗೆಯನ್ನು ಹಿಡಿದು ಕೈ ತಿರುಗಿಸಿ ಬಾಯಿಗೆ ಹಾಕಿಕೊಳ್ಳುತ್ತದೆ. ಪುಸ್ತಕದಲ್ಲಿ ಅದಕ್ಕೆ ಮುಂಗಾಲು ಎಂದು ಬರೆದಿರುತ್ತದೆ. ಒಮ್ಮೆ ಹತ್ತಿರದಿಂದ ನೋಡಿದವರು ಕಾಲು ಎನ್ನಲಾರರು.

ಮೊದಲ ಡಬ್ಬಿಯ ನಕ್ಷೆ ಕೊಟ್ಟಾಗ ದೊಡ್ಡ ಮೇಡಂ ಒಂದು ಮಾತು ಹೇಳಿದ್ದರು. ಅವರೇ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ, ಕೋಲಿನಂಥ ಹೆಂಗಸು, ನಗು ಕಡಿಮೆ. ಗುಳಿಗೆ ಇಡುವ ಕುಳಿ ಗೋಡೆಯ ಒಳಮೈಯಿಂದ ಹದಿನೈದು ಮಿಲಿಮೀಟರ್ ದೂರ ಇರಬೇಕು, ಕೈಗೆ ಎಟುಕಬೇಕು, ನಾಲಿಗೆಗೆ ಎಟುಕಬಾರದು ಎಂದಿದ್ದರು. ಇಲಿ ಬುದ್ಧಿವಂತ ಪ್ರಾಣಿ, ನೆಕ್ಕಿ ತಿನ್ನುವುದಾದರೆ ಕೈಯನ್ನು ಯಾಕೆ ನೋಯಿಸಿಕೊಂಡೀತು ಎಂದೂ ಹೇಳಿದ್ದರು. ನಾನು ಅದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದೆ. ಅಳತೆಯ ವಿಷಯದಲ್ಲಿ ನನ್ನನ್ನು ಯಾರೂ ಬೆರಳು ಮಾಡಿ ತೋರಿಸಬಾರದು ಎಂಬ ಜಂಬ ನನ್ನದು.

ಮನೆಯಲ್ಲಿ ಇರುವವರು ನಾನು ಮತ್ತು ನನ್ನ ಅಕ್ಕ. ಅವಳಿಗೆ ಮದುವೆಯಾಗಲಿಲ್ಲ, ನನ್ನದು ಆಗಿಯೂ ಉಳಿಯಲಿಲ್ಲ. ಅಕ್ಕ ದರ್ಜಿ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು, ಅವಳಿಗೆ ಹದಿನಾರು. ಆವತ್ತಿನಿಂದ ಅವಳ ಹೊಲಿಗೆ ಯಂತ್ರದ ಸದ್ದಿನಲ್ಲೇ ನಾನು ದೊಡ್ಡವನಾದೆ. ತುಟಿಯ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಅವಳು ನನ್ನನ್ನು ಬೈಯುತ್ತಿದ್ದಳು, ಒಂದು ಸೂಜಿಯೂ ಉದುರುತ್ತಿರಲಿಲ್ಲ. ಗುಂಡಿ ಹೊಲಿಯುವಾಗ ಗುಂಡಿಗಳೂ ಬಾಯಲ್ಲೇ. ನುಂಗಿಬಿಟ್ಟರೆ ಏನು ಗತಿ ಎಂದು ನಾನು ಕೇಳಿದರೆ, ಹೊಟ್ಟೆಗೆ ಗುಂಡಿ ಹಾಕಿಕೊಂಡರೆ ಹಸಿವು ಹೊರಗೆ ಬರುವುದಿಲ್ಲ ಎನ್ನುತ್ತಿದ್ದಳು.

ಕಳೆದ ವರ್ಷ ಒಂದು ಬೆಳಗ್ಗೆ ಬಟ್ಟೆ ಕತ್ತರಿಸುತ್ತಿದ್ದವಳ ಕೈಯಿಂದ ಕತ್ತರಿ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದಳು, ಏಳಲಾಗಲಿಲ್ಲ. ಆಸ್ಪತ್ರೆಯಲ್ಲಿ ಸ್ಟ್ರೋಕ್ ಎಂದರು. ಮಾತು ಹತ್ತು ದಿನಕ್ಕೆ ಮರಳಿತು, ಕಾಲು ಎರಡು ತಿಂಗಳಿಗೆ ಅಷ್ಟಿಷ್ಟು ಮರಳಿತು. ಬಲಗೈ ಮಾತ್ರ ಮರಳಲಿಲ್ಲ. ತೊಡೆಯ ಮೇಲೆ ಇಟ್ಟರೆ ಅಲ್ಲೇ ಇರುತ್ತಿತ್ತು, ಬೆರಳು ಮಡಚಿಕೊಂಡು.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಫಿಸಿಯೋ ಅಮ್ಮ ಅನುಭವಸ್ಥೆ. ಬೆರಳುಗಳಲ್ಲಿ ಸ್ವಲ್ಪವಾದರೂ ಅಲುಗಾಟ ಇದ್ದಿದ್ದರೆ ಬೇರೆ ಮಾತು, ಇವರಿಗೆ ಅದೂ ಇಲ್ಲ, ಎಡಗೈ ಪಳಗಿಸಿಕೊಳ್ಳುವುದು ಒಳ್ಳೆಯದು ಎಂದು ಮೆಲ್ಲಗೆ ಹೇಳಿದರು. ಆ ಸಂಜೆ ಅಕ್ಕ ತನ್ನ ದೊಡ್ಡ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ಒಂದು ಚೂರು ಬಟ್ಟೆ ಕತ್ತರಿಸಿ ನೋಡಿದಳು. ಬಲಗೈಯ ಕತ್ತರಿಯನ್ನು ಎಡಗೈಯಲ್ಲಿ ಒತ್ತಿದರೆ ಅಲಗುಗಳು ದೂರವಾಗುತ್ತವೆ. ಬಟ್ಟೆ ಕತ್ತರಿಸುವುದಿಲ್ಲ, ನಡುವೆ ಮಡಚಿಕೊಳ್ಳುತ್ತದೆ. ಅವಳು ಅದನ್ನು ನನಗೆ ತೋರಿಸಿದಳು.

"ಪುಟ್ಟಾ, ಅಲಗು ಅದಲು ಬದಲು ಮಾಡಿ ಎಡಗೈಗೊಂದು ಕತ್ತರಿ ಮಾಡ್ಕೊಡ್ತೀಯಾ? ನಿನಗೇನು ಕಷ್ಟ ಅಲ್ಲ."

ನನಗೆ ಐವತ್ತನಾಲ್ಕು ವರ್ಷ, ಅವಳಿಗೆ ನಾನು ಪುಟ್ಟನೇ. ಕಷ್ಟವಿರಲಿಲ್ಲ. ಎರಡು ದಿನದ ಕೆಲಸ. ಮಾಡಿಕೊಡುತ್ತೇನೆ ಎಂದೆ. ಉಕ್ಕಿನ ಪಟ್ಟಿಯನ್ನೂ ತೆಗೆದಿಟ್ಟೆ. ಅಷ್ಟರಲ್ಲಿ ಆ ಗ್ರಾಫು ನನ್ನ ಕಣ್ಣಿಗೆ ಬಿತ್ತು.

ಆಗ ಪ್ರಯೋಗಾಲಯದಲ್ಲಿ ನಡೆಯುತ್ತಿದ್ದದ್ದೂ ಇದೇ ವಿಷಯ. ಗುಳಿಗೆ ಎತ್ತಲು ಕಲಿತ ಇಲಿಗಳ ಮಿದುಳಿಗೆ ಸ್ಟ್ರೋಕಿನಂಥ ಪೆಟ್ಟು ಕೊಟ್ಟು ಅವುಗಳ ಬಲಗೈಯನ್ನು ಕೆಡಿಸಿದ್ದರು. ಆಮೇಲೆ ಅರ್ಧದಷ್ಟು ಇಲಿಗಳಿಗೆ ಒಳ್ಳೆಯ ಕೈ, ಅಂದರೆ ಎಡಗೈಯನ್ನು ಕಟ್ಟಿಬಿಟ್ಟು, ಕೆಟ್ಟ ಕೈಯಲ್ಲೇ ದಿನವೂ ಅಭ್ಯಾಸ ಮಾಡಿಸುತ್ತಿದ್ದರು. ಉಳಿದ ಅರ್ಧಕ್ಕೆ ಕಟ್ಟೂ ಇಲ್ಲ, ಅಭ್ಯಾಸವೂ ಇಲ್ಲ. ಆರು ವಾರ ಎರಡು ಗುಂಪೂ ಒಂದೇ ಥರ ಸೋತಿದ್ದವು. ಏಳನೆಯ ವಾರದಿಂದ ಕಟ್ಟಿದ ಗುಂಪಿನ ಗೆರೆ ಮೇಲೇಳತೊಡಗಿತು. ಹತ್ತನೆಯ ವಾರ ಮೇಡಂ ಆ ಗ್ರಾಫನ್ನು ಕಾರಿಡಾರಿನಲ್ಲಿ ಅಂಟಿಸಿದ್ದರು. ಇಪ್ಪತ್ತು ಗುಳಿಗೆಗೆ ಹದಿನೈದು, ಹದಿನಾರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ.

ಆ ಗ್ರಾಫಿನ ಮುಂದೆ ನಿಂತು ನಾನು ಮಕ್ಕಳ ಹಾಗೆ ಅತ್ತೆ. ನಾಚಿಕೆಪಡುವುದಿಲ್ಲ.

ಮನೆಗೆ ಹೋದವನೇ ಉಕ್ಕಿನ ಪಟ್ಟಿಯನ್ನು ಅಟ್ಟಕ್ಕೆ ಎಸೆದೆ. ಎಡಗೈ ಪಳಗಿದರೆ ಬಲಗೈ ಸೋಮಾರಿಯಾಗುತ್ತದೆ ಎಂದು ಅಕ್ಕನಿಗೆ ಒಂದು ಗಂಟೆ ಪಾಠ ಮಾಡಿದೆ. ಅವಳ ಹಳೆಯ ಚೀಲಗಳಲ್ಲಿ ಒಂದನ್ನು ಎಡಗೈಗೆ ತೊಡಿಸಿ, ಮಣಿಕಟ್ಟಿನ ಹತ್ತಿರ ಲಾಡಿ ಬಿಗಿದೆ. ಒಂದೇ ಕೈಯವಳು ಬಿಚ್ಚಿಕೊಳ್ಳಲು ಬಾರದ ಗಂಟು. ನಾನು ಕೆಲಸಕ್ಕೆ ಹೋಗುವಾಗ ಕಟ್ಟುವುದು, ಬಂದ ಮೇಲೆ ಬಿಚ್ಚುವುದು. ಮಧ್ಯಾಹ್ನದ ಊಟ ಪಕ್ಕದ ಮನೆಯ ಸೊಸೆ ಬಂದು ತಿನ್ನಿಸುವುದು. ಮೇಜಿನ ಮೇಲೆ ಉಳಿದ ಅಕ್ರಿಲಿಕ್ಕಿನಿಂದ ಗೇಣೆತ್ತರದ ಒಂದು ಗೋಡೆ ನಿಲ್ಲಿಸಿದೆ, ಅದರಲ್ಲಿ ತೋಳು ಹೋಗುವಷ್ಟು ಸೀಳು. ಈಚೆ ಖಾಲಿ ಬಟ್ಟಲು, ಆಚೆ ಹಲಗೆಯ ಮೇಲೆ ಇಪ್ಪತ್ತು ಕೋಟಿನ ಗುಂಡಿ. ಬಲಗೈ ಚಾಚಿ ಒಂದೊಂದೇ ಗುಂಡಿ ಎತ್ತಿ ಬಟ್ಟಲಿಗೆ ಹಾಕಬೇಕು. ಸಂಜೆ ನಾನು ಎಣಿಸಿ ನೋಟುಪುಸ್ತಕದಲ್ಲಿ ಬರೆಯುತ್ತೇನೆ.

ಫಿಸಿಯೋ ಅಮ್ಮ ಚೀಲ ನೋಡಿ ಮುಖ ಗಂಟು ಹಾಕಿಕೊಂಡರು. ಬೇಡ ಎಂದು ನೇರವಾಗಿಯೇ ಹೇಳಿದರು. ನಿಮ್ಮ ಓದು ಹಳೆಯದು, ನಮ್ಮಲ್ಲಿ ಹೊಸದು ಬಂದಿದೆ ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ಆಮೇಲೆ ಅವರು ಬರುವುದನ್ನೇ ಬಿಟ್ಟರು. ಆವತ್ತು ನನಗೆ ಗೆದ್ದ ಹಾಗೆ ಅನ್ನಿಸಿತ್ತು.

ಮೊದಲ ಮೂರು ವಾರ ನೋಟುಪುಸ್ತಕದಲ್ಲಿ ಬರೀ ಸೊನ್ನೆ. ನನ್ನ ಬಾಯಿ ಕೆಟ್ಟದ್ದು. ಮನಸ್ಸಿಟ್ಟು ಮಾಡುತ್ತಿಲ್ಲ ಎಂದು ಬೈದೆ. ಒಂದು ದಿನ ಊಟ ಮಾಡದೆ ಮಲಗಿದೆ. ಅದರ ಮರುದಿನ ಎರಡು. ವಾರದಲ್ಲಿ ಐದು. ತಿಂಗಳಲ್ಲಿ ಹನ್ನೊಂದು. ನಾನು ಬಂದ ಮೇಲೆ ಮಾಡಿ ತೋರಿಸು ಎಂದರೆ, ದಿನವಿಡೀ ಮಾಡಿ ತೋಳು ಸೋತಿದೆ, ಯಾರಾದರೂ ನೋಡುತ್ತಿದ್ದರೆ ಕೈ ಇನ್ನೂ ಗಟ್ಟಿಯಾಗುತ್ತದೆ ಎನ್ನುತ್ತಿದ್ದಳು. ಸಂಜೆ ಎಣಿಸುವಾಗ ಗುಂಡಿಗಳು ಒದ್ದೆಯಾಗಿರುತ್ತಿದ್ದವು. ಪಾಪ, ಎಷ್ಟು ಬೆವರುತ್ತಾಳೆ ಎಂದುಕೊಳ್ಳುತ್ತಿದ್ದೆ.

ಕಟ್ಟಿದ ಗುಂಪಿನಲ್ಲಿ ಏಳನೇ ನಂಬರಿನ ಹೆಣ್ಣಿಲಿ ಎಲ್ಲರಿಗಿಂತ ಮುಂದು. ಅದರ ಕಥೆ ಹೇಳಿ ಹೇಳಿ ಅಕ್ಕನಿಗೆ ಅದು ಬಂಧುವೇ ಆಗಿಬಿಟ್ಟಿತ್ತು. ನನ್ನ ತಂಗಿ ಇವತ್ತು ಎಷ್ಟು ಎತ್ತಿದಳು ಎಂದು ಕೇಳುತ್ತಿದ್ದಳು. ಹದಿನೆಂಟು ಎಂದರೆ, ಅಬ್ಬಾ, ನನ್ನ ಮಾನ ಕಳೆಯುತ್ತಾಳಲ್ಲ ಎನ್ನುತ್ತಿದ್ದಳು. ಮರುದಿನ ಅಕ್ಕನದೂ ಒಂದು ಹೆಚ್ಚಾಗಿರುತ್ತಿತ್ತು.

ಹೀಗೆ ಹದಿನಾರು ವಾರ ನಡೆಯಿತು.

ಮೊನ್ನೆ ಬೆಳಗ್ಗೆ ಮೇಡಂ ಫೋನು ಮಾಡಿ ಹೊಸ ಡಬ್ಬಿಯೊಂದರ ಸೆನ್ಸರ್ ಕೆಲಸ ಮಾಡುತ್ತಿಲ್ಲ ಎಂದರು. ಹೊಸ ಡಬ್ಬಿಗಳ ಬಗ್ಗೆ ಹೇಳಬೇಕು. ಹಳೆಯ ಡಬ್ಬಿಗಳಾದರೆ ಒಬ್ಬ ವಿದ್ಯಾರ್ಥಿನಿ ಪಕ್ಕದಲ್ಲೇ ಕೂತು, ಇಲಿ ಗುಳಿಗೆ ಎತ್ತಿದ್ದನ್ನು ಕಣ್ಣಾರೆ ನೋಡಿ ಗೀಟು ಹಾಕುತ್ತಿದ್ದಳು. ಹೊಸತಕ್ಕೆ ನಾನು ಕುಳಿಯ ಎರಡೂ ಕಡೆ ಬೆಳಕಿನ ಸೆನ್ಸರ್ ಹಾಕಿದ್ದೆ. ಗುಳಿಗೆ ಹೋದರೆ ತಾನೇ ಎಣಿಸಿಕೊಳ್ಳುತ್ತದೆ, ಹುಡುಗಿ ಪಕ್ಕದ ಕೋಣೆಯಲ್ಲಿ ಕೂತು ಅಂಕಿ ನೋಡಿದರೆ ಸಾಕು. ನಾಲ್ಕೇ ಮಾಡಲು ಆಗಿದ್ದರಿಂದ ಮೇಡಂ ಅವನ್ನು ದಿನವೂ ಅಭ್ಯಾಸ ಮಾಡುವ ಕಟ್ಟಿದ ಗುಂಪಿಗೆ ಕೊಟ್ಟು, ಉಳಿದವಕ್ಕೆ ಹಳೆಯದನ್ನೇ ಇಟ್ಟಿದ್ದರು. ಡಬ್ಬಿಗಳಿಗೆ ಹೊಗಳಿಕೆಯೋ ಹೊಗಳಿಕೆ. ನಾನೂ ಮೀಸೆ ತಿರುವಿದ್ದೆ.

ಸೆನ್ಸರಿನ ಗಾಜಿನ ಮೇಲೆ ಏನೋ ಅಂಟಂಟಾಗಿ ಒಣಗಿತ್ತು. ಒರೆಸಿದೆ. ಮೂಸಿದೆ. ಸಕ್ಕರೆಯ ಧೂಳು ತಾನಾಗಿ ಹೀಗೆ ಪಸೆಯಾಗುವುದಿಲ್ಲ. ಸರಿಯಾಗಿದೆಯೇ ನೋಡೋಣವೆಂದು ಏಳನೇ ನಂಬರನ್ನೇ ಒಳಗೆ ಬಿಡಿಸಿ, ಕುರ್ಚಿ ಎಳೆದುಕೊಂಡು, ಸೀಳಿನ ಮಟ್ಟಕ್ಕೆ ಕಣ್ಣಿಟ್ಟು ಕೂತೆ.

ಅದು ಬಂದಿತು. ಬಲಗೈ ಎದೆಗೆ ಅಂಟಿಕೊಂಡೇ ಇತ್ತು, ಬೆರಳು ಮಡಚಿಕೊಂಡು. ಮೂತಿಯನ್ನು ಸೀಳಿಗೆ ಒತ್ತಿತು. ಎಳೆಗೆಂಪು ನಾಲಿಗೆ ಹೊರಗೆ ಬಂದು ಗುಳಿಗೆಯನ್ನು ಅಂಟಿಸಿಕೊಂಡು ಒಳಗೆ ಹೋಯಿತು. ಪಕ್ಕದ ಕೋಣೆಯಿಂದ ಹುಡುಗಿ, ಒಂದು, ಸರಿಯಾಗಿದೆ ಅಂಕಲ್ ಎಂದು ಕೂಗಿ ಹೇಳಿದಳು.

ಹತ್ತೊಂಬತ್ತು ಸಲ ನೋಡಿದೆ. ಹತ್ತೊಂಬತ್ತೂ ನಾಲಿಗೆ.

ಕೆಳಗೆ ಹೋಗಿ ವರ್ನಿಯರ್ ಅಳತೆಗೋಲು ತಂದು ಅಳೆದೆ. ಹದಿಮೂರು ಮಿಲಿಮೀಟರ್. ಆಗ ನೆನಪಾಯಿತು. ಐದು ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಾಳೆ ಮುಗಿದಿತ್ತು, ಮೂರರ ದಪ್ಪದ್ದು ಮೂಲೆಯಲ್ಲಿತ್ತು, ಗೋಡೆ ತಾನೆ, ನಡೆಯುತ್ತದೆ ಎಂದು ಅದನ್ನೇ ಹಾಕಿದ್ದೆ. ಕುಳಿಯ ದೂರವನ್ನು ಯಾವಾಗಲೂ ಗೋಡೆಯ ಹೊರಮೈಯಿಂದ ಹತ್ತು ಎಂದು ಗುರುತು ಮಾಡುವುದು ನನ್ನ ರೂಢಿ. ಐದು ದಪ್ಪ, ಹತ್ತು ದೂರ, ಒಟ್ಟು ಹದಿನೈದು. ಮೂರು ದಪ್ಪವಾದಾಗ ಹೊರಗಿನ ಹತ್ತನ್ನು ಹನ್ನೆರಡು ಮಾಡಬೇಕಿತ್ತು. ಮಾಡಲಿಲ್ಲ. ಅಷ್ಟೇ. ಹೊಸ ಡಬ್ಬಿಗಳು ಮೇಲೆ ಹೋದದ್ದು ಏಳನೆಯ ವಾರ. ಗೆರೆ ಎದ್ದದ್ದೂ ಏಳನೆಯ ವಾರ.

ಮುಚ್ಚಿಡಬಹುದಿತ್ತು. ಎರಡು ಮಿಲಿಮೀಟರನ್ನು ಯಾರು ಹುಡುಕುತ್ತಾರೆ. ಆದರೆ ನನ್ನ ತಲೆಯಲ್ಲಿ ಆಗಲೇ ಒದ್ದೆ ಗುಂಡಿಗಳು ಹೊಕ್ಕಿದ್ದವು.

ಮೇಡಂ ತಾವೇ ಅಳೆದರು, ಮೂರು ಸಲ. ಆಮೇಲೆ ಹಳೆಯ ಡಬ್ಬಿಯೊಂದನ್ನು ಮೇಜಿನ ಮೇಲೆ ಇಟ್ಟು, ಏಳನೇ ನಂಬರನ್ನು ಅದರೊಳಗೆ ಬಿಟ್ಟರು. ಇಲಿ ನಾಲಿಗೆ ಚಾಚಿತು, ಎಟುಕಲಿಲ್ಲ. ಇನ್ನಷ್ಟು ಒತ್ತಿತು, ಸೀಳಿನಲ್ಲಿ ಮೂಗು ಚಪ್ಪಟೆಯಾಯಿತು. ಕೊನೆಗೆ ಬಲಗೈ ಎತ್ತಿತು. ಆ ಕೈ ಸೀಳಿನ ಅಂಚಿಗೆ ತಗುಲಿ ಕೆಳಗೆ ಬಿತ್ತು. ಮತ್ತೆ ಎತ್ತಿತು, ಮತ್ತೆ ಬಿತ್ತು. ಇಪ್ಪತ್ತರಲ್ಲಿ ಸೊನ್ನೆ. ಕಟ್ಟಿದ ಗುಂಪಿನ ಮುಂದಿನ ಇಲಿಗೂ ಸೊನ್ನೆ. ಅದರ ಮುಂದಿನದಕ್ಕೆ ಒಂದು, ಅದೂ ಗುಳಿಗೆ ತಾನಾಗಿ ಉರುಳಿದ್ದು. ನಾಲ್ಕನೆಯದಕ್ಕೆ ಸೊನ್ನೆ. ಮೇಡಂ ಸಾಕು ಎಂದರು.

ಅವರು ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ. ಅವರು ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದರು.

"ಆರು ವಾರ ಕೆಳಗಿದ್ದಿದ್ದು ಏಳನೇ ವಾರ ಹೇಗೆ ಎದ್ದಿತು ಅಂತ ನಾನೂ ಕೇಳ್ಕೋಬೇಕಿತ್ತು ಮೇಸ್ತ್ರಿಗಳೇ. ಕೇಳ್ಕೊಳ್ಳಲಿಲ್ಲ. ಏಳ್ಲಿ ಅಂತ ಇತ್ತಲ್ಲ ಮನಸ್ಸಲ್ಲಿ."

ಕಾರಿಡಾರಿಗೆ ಹೋಗಿ ಗ್ರಾಫನ್ನು ಅವರೇ ಕಿತ್ತರು. ನನಗೆ ಮನೆಗೆ ಹೋಗಿ ಎಂದರು. ಆಗ ಹನ್ನೊಂದೂವರೆ.

ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಲಿ ಇಲಿಯೇ, ಮನುಷ್ಯರು ಮನುಷ್ಯರೇ. ಅಕ್ಕ ಸುಳ್ಳು ಹೇಳಿದವಳಲ್ಲ. ಅವಳ ಕೈ ನಿಜವಾಗಿಯೂ ಸರಿಹೋಗುತ್ತಿರಬಹುದು, ಬೆವರು ಬೆವರೇ ಇರಬಹುದು. ಗೇಟಿನ ಹತ್ತಿರ ಬರುವಷ್ಟರಲ್ಲಿ ಅರ್ಧ ನಂಬಿಯೂ ಬಿಟ್ಟಿದ್ದೆ. ಆದರೂ ಬಾಗಿಲಿಗೆ ಹೋಗಲಿಲ್ಲ. ಕಳ್ಳನ ಹಾಗೆ ಪಕ್ಕದ ಓಣಿಯಿಂದ ಹೋಗಿ ಕಿಟಕಿಯಲ್ಲಿ ಇಣುಕಿದೆ.

ಅಕ್ಕ ಮೇಜಿನ ಮುಂದೆ ಕೂತಿದ್ದಳು. ಎಡಗೈ ಚೀಲದಲ್ಲಿ, ಬಲಗೈ ತೊಡೆಯ ಮೇಲೆ. ಸೊಂಟ ಬಗ್ಗಿಸಿ, ಅಕ್ರಿಲಿಕ್ ಗೋಡೆಯ ಮೇಲಿಂದ ಕತ್ತು ಆಚೆಗೆ ಚಾಚಿ, ತುಟಿಯಲ್ಲಿ ಒಂದು ಗುಂಡಿ ಕಚ್ಚಿಕೊಂಡಳು. ಈಚೆಗೆ ಬಂದು ಬಟ್ಟಲಿಗೆ ಉದುರಿಸಿದಳು. ಸ್ವಲ್ಪ ಹೊತ್ತು ಉಸಿರಾಡಿಕೊಂಡಳು. ಗೋಡೆಯ ಅಂಚು ಒತ್ತಿ ಒತ್ತಿ ಅವಳ ಕತ್ತಿನ ಕೆಳಗೆ ಕೆಂಪು ಗೆರೆ ಮೂಡಿತ್ತು. ಆ ಗೆರೆಯನ್ನು ನಾನು ಎಷ್ಟೋ ಸಂಜೆ ನೋಡಿದ್ದೆ, ಸೆಕೆಗೆ ಎದ್ದದ್ದು ಎಂದು ಎಣ್ಣೆಯನ್ನೂ ಹಚ್ಚಿದ್ದೆ. ಮತ್ತೆ ಬಗ್ಗಿದಳು.

ನಾನು ಬಂದ ಓಣಿಯಲ್ಲೇ ಹಿಂದೆ ಸರಿದೆ. ಗೇಟಿಗೆ ಹೋಗಿ, ಅದನ್ನು ಜೋರಾಗಿ ಸದ್ದು ಮಾಡಿ ತೆರೆದೆ. ಒಳಗೆ ಬರುವಾಗ ಅಕ್ಕ ನೆಟ್ಟಗೆ ಕೂತು ಬಾಗಿಲ ಕಡೆ ನೋಡುತ್ತಿದ್ದಳು. ಇಷ್ಟು ಬೇಗ ಯಾಕೆ, ಮೈ ಹುಷಾರಿಲ್ಲವೇ ಎಂದು ಕೇಳಿ, ಇವತ್ತು ಮಧ್ಯಾಹ್ನದೊಳಗೇ ಹದಿನಾಲ್ಕು ಆಯಿತು ಎಂದಳು. ತುಟಿ ಒಂದು ಕಡೆ ಸುಲಿದಿತ್ತು.

ಅವಳ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಹಾಳೆಯ ದಪ್ಪ, ಎರಡು ಮಿಲಿಮೀಟರ್, ಹಳೆಯ ಡಬ್ಬಿಯ ಸೊನ್ನೆಗಳು. ಕಿಟಕಿಯ ವಿಷಯ ಮಾತ್ರ ಹೇಳಲು ನಾಲಿಗೆ ಏಳಲಿಲ್ಲ. ಏಳನೇ ನಂಬರಿನ ಇಲಿ ಪೆಟ್ಟು ಬಿದ್ದ ಮೇಲೆ ಒಂದು ದಿನವೂ ಕೈಯಲ್ಲಿ ಎತ್ತಿಲ್ಲ ಅಕ್ಕ, ಇಷ್ಟು ದಿನವೂ ನಾಲಿಗೆಯಲ್ಲೇ ತೆಗೆದುಕೊಳ್ಳುತ್ತಿತ್ತು ಎಂದೆ.

ಅಕ್ಕ ಬಟ್ಟಲಿನ ಗುಂಡಿಗಳನ್ನು ನೋಡಿದಳು. ಆಮೇಲೆ ನಕ್ಕಳು, ಆ ಹಳೆಯ ನಗು.

"ಪಾಪ, ನನ್ನ ತಂಗಿಗೂ ಒಬ್ಬ ತಮ್ಮ ಇದ್ದನೇನೋ," ಎಂದಳು. "ಅವನು ಉಪವಾಸ ಮಲಗಿದ್ದು ನೋಡಕ್ಕಾಗದೆ ಹಾಗೆ ಮಾಡಿರ್ತಾಳೆ."

ನಾನು ಅವಳ ತೊಡೆಯ ಮೇಲೆ ಮುಖವಿಟ್ಟು ಅತ್ತೆ. ಸತ್ತ ಬಲಗೈ ನನ್ನ ಕೆನ್ನೆಗೆ ತಗುಲುತ್ತಿತ್ತು, ತಣ್ಣಗೆ. ತಲೆ ಸವರಲು ಅವಳಿಗೆ ಕೈಯಿರಲಿಲ್ಲ, ಇದ್ದ ಒಂದನ್ನು ನಾನು ಕಟ್ಟಿದ್ದೆ. ಚೀಲವನ್ನೇ ನನ್ನ ತಲೆಯ ಮೇಲೆ ಇಟ್ಟಳು.

ಲಾಡಿ ಬಿಚ್ಚಲು ಹೋದರೆ ಬೆವರಿಗೆ ಬಿಗಿದು, ನಾನೇ ಹಾಕಿದ ಗಂಟು ನನಗೇ ಬಿಡಲಿಲ್ಲ. ಕತ್ತರಿಸಿಬಿಡೋಣವೆಂದು ಎದ್ದು ಹೊಲಿಗೆ ಯಂತ್ರದ ಖಾನೆ ಎಳೆದೆ. ನೂಲಿನ ಉಂಡೆಗಳಿದ್ದವು, ಅಳತೆಯ ಟೇಪಿತ್ತು. ದೊಡ್ಡ ಕತ್ತರಿ ಇರಲಿಲ್ಲ.

"ಅದನ್ನ ಪಕ್ಕದ ಮನೆ ಸೊಸೆಗೆ ಕೊಟ್ಟೆ. ಹೊಲಿಗೆ ಕಲೀತಿದಾಳೆ. ಇಲ್ಲಿದ್ದರೆ ತುಕ್ಕು ಹಿಡೀತಿತ್ತು."

ಯಾವಾಗ ಎಂದು ಕೇಳಿದೆ. ಎರಡು ತಿಂಗಳಾಯಿತು ಎಂದಳು. ನೋಟುಪುಸ್ತಕದಲ್ಲಿ ನಾನು ಹನ್ನೊಂದು ಬರೆದು ಕೆಳಗೆ ಗೆರೆ ಎಳೆದ ದಿನಗಳು ಅವು. ಅಟ್ಟದಲ್ಲಿ ಉಕ್ಕಿನ ಪಟ್ಟಿ ಇನ್ನೂ ಇದೆ ಅಕ್ಕ, ನಾಳೆಯೇ ಶುರು ಮಾಡುತ್ತೇನೆ, ನಾಡಿದ್ದು ಎಡಗೈಯ ಕತ್ತರಿ ನಿನ್ನ ಕೈಯಲ್ಲಿರುತ್ತದೆ ಎಂದೆ. ಹಲ್ಲಿನಲ್ಲಿ ಕಚ್ಚಿ ಗಂಟು ಬಿಡಿಸುತ್ತಲೇ ಹೇಳಿದೆ.

"ಆಗ ಆಸೆ ಇತ್ತು ಕಣೋ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಇಲ್ಲ. ಎಲ್ಲಿ ಹೋಯ್ತೋ ನನಗೂ ಗೊತ್ತಿಲ್ಲ."

ಗಂಟು ಬಿಟ್ಟಿತು. ಚೀಲ ಕಳಚಿದೆ. ಎಡಗೈ ಬೆವೆತು ಬಿಳಿಚಿ, ನೀರಿನಲ್ಲಿ ನೆನೆದ ಬಟ್ಟೆಯಂತೆ ಸುಕ್ಕಾಗಿತ್ತು. ಅಕ್ಕ ಅದನ್ನು ಒಂದೆರಡು ಸಲ ಮಡಚಿ ಬಿಡಿಸಿದಳು. ಅದರಿಂದ ಗುಂಡಿಗಳ ಬಟ್ಟಲನ್ನು ಎತ್ತಿ ನನ್ನ ಕೈಗೆ ಕೊಟ್ಟು, ತೊಳೆದಿಡು, ಎಲ್ಲ ಎಂಜಲಾಗಿದೆ ಎಂದಳು.